ಹಲ್ಲಿನ ಡಾಕ್ಟರ್ ಹೆಸರೆತ್ತಿದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಮಗಳು, ಏನು ಮಾಡಲಿ?

ಪುಟ್ಟಿಯ ಅಮ್ಮ, ನಾಗರಬಾವಿ | ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ನಾನೇ ಕೇಳಬೇಕಾಗಿದೆ.

ಮಗಳಿಗೆ ಐದೂವರೆ ವರ್ಷ. ಕೆಳಗಡೆ ಬಲಗಡೆಯ ದವಡೆ ಹಲ್ಲು ಹುಳುಕಾಗಿ ಹಳ್ಳ ಬಿದ್ದಿದೆ. ಎಷ್ಟು ದಿನದಿಂದ ಎಡಗಡೆಯಲ್ಲೇ ಅಗಿಯುತ್ತಿದ್ದಳೋ, ನಮಗೆ ಗೊತ್ತೇ ಆಗಲಿಲ್ಲ. ದಸರಾ ರಜೆ ಮುಗಿದ ವಾರ ರಾತ್ರಿ ಎರಡು ಗಂಟೆಗೆ ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಮರುದಿನ ಸಂಜೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ. "ಏನೂ ಮಾಡಲ್ಲ ಪುಟ್ಟಿ, ಸುಮ್ನೆ ನೋಡ್ತಾರೆ ಅಷ್ಟೇ."

ಅಲ್ಲಿ ಕುರ್ಚಿ ಮೇಲೆ ಮಲಗಿಸಿದ್ದೇ ತಡ, ಸೂಜಿ ಬಂತು. ಅವಳು ಕಿರುಚಿಕೊಂಡಳು. ಒಬ್ಬರು ಕಾಲು ಹಿಡಿದರು, ಒಬ್ಬರು ತಲೆ ಹಿಡಿದರು. "ನೀವು ಕೈ ಹಿಡ್ಕೊಳ್ಳಿ ಮೇಡಂ" ಅಂದರು. ಹಿಡಿದುಕೊಂಡೆ. ಆಗ ಏನೂ ತೋಚಲಿಲ್ಲ. ಅರ್ಧಕ್ಕೇ ನಿಲ್ಲಿಸಿ, ಹಳ್ಳಕ್ಕೆ ಮದ್ದು ತುಂಬಿ, ಇನ್ನೊಂದು ದಿನ ಬನ್ನಿ ಅಂತ ಕಳಿಸಿದರು. ಸದ್ಯಕ್ಕೆ ನೋವಿಲ್ಲ.

ಆದರೆ ಈಗ ಬ್ರಷ್ ಕಂಡರೂ ಎರಡು ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆ ರಸ್ತೆಯಲ್ಲಿ ಸ್ಕೂಟರ್ ಹೋದರೆ ನನ್ನ ಬೆನ್ನಿಗೆ ಮುಖ ಒತ್ತಿಕೊಳ್ಳುತ್ತಾಳೆ. ಮೊನ್ನೆ ರಾತ್ರಿ ಮಲಗುವಾಗ ಮೆಲ್ಲಗೆ ಅಂದಳು: "ಅಮ್ಮ, ನೀನೂ ಹಿಡ್ಕೊಂಡೆ."

ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಅತ್ತೆ ಹೇಳುತ್ತಾರೆ, ಹೇಗಿದ್ದರೂ ಬಿದ್ದು ಹೋಗುವ ಹಲ್ಲು, ಬಿಟ್ಟುಬಿಡಿ ಅಂತ. ಬಿಡಬಹುದಾ? ಬಿಡಬಾರದು ಅಂದರೆ ಇವಳನ್ನು ಮತ್ತೆ ಆ ಕುರ್ಚಿಗೆ ಹೇಗೆ ಕರೆದುಕೊಂಡು ಹೋಗಲಿ?

ಎರಡು ಮಕ್ಕಳ ಅಪ್ಪ, ರಾಜರಾಜೇಶ್ವರಿನಗರ | ಭಾನುವಾರ, ರಾತ್ರಿ 11.15

ಮೇಡಂ, ನಮ್ಮ ದೊಡ್ಡವನಿಗೂ ಹೀಗೇ ಆಗಿತ್ತು. ನಿಮ್ಮನ್ನು ನೀವು ಜಾಸ್ತಿ ಬೈದುಕೊಳ್ಳಬೇಡಿ. ಆ ಹೊತ್ತಲ್ಲಿ ಯಾರಾದರೂ ಡಾಕ್ಟರ್ ಹೇಳಿದ ಹಾಗೇ ಮಾಡುತ್ತಾರೆ.

ನಮಗೆ ಆಮೇಲೆ ಗೊತ್ತಾಗಿದ್ದು, ಮಕ್ಕಳ ಹಲ್ಲಿಗೆ ಅಂತಲೇ ಬೇರೆ ಡಾಕ್ಟರ್ ಇರುತ್ತಾರೆ ಅಂತ. ಪೀಡೋಡಾಂಟಿಸ್ಟ್ ಅನ್ನುತ್ತಾರೆ. ಅವರ ಹತ್ತಿರ ಹೋದ ಮೊದಲ ದಿನ ಮಗನ ಬಾಯಿಗೆ ಕೈಯೇ ಹಾಕಲಿಲ್ಲ. ಕುರ್ಚಿ ಮೇಲೆ ಕೆಳಗೆ ಮಾಡಿ ತೋರಿಸಿದರು, ನೀರು ಚಿಮ್ಮಿಸುವುದು ಹೇಗೆ ಅಂತ ಅವನ ಕೈಯಲ್ಲೇ ಮಾಡಿಸಿದರು, ಕಳಿಸಿದರು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು, ಇದಕ್ಕಾ ಅರ್ಧ ದಿನ ರಜೆ ಹಾಕಿದ್ದು ಅಂತ. ಮೂರನೇ ಸಲ ಹೋದಾಗ ಅವನೇ ಓಡಿ ಹೋಗಿ ಕುರ್ಚಿ ಹತ್ತಿದ.

ಮಕ್ಕಳ ಹಲ್ಲಿನ ಡಾಕ್ಟರ್, ವಿಜಯನಗರ | ಸೋಮವಾರ, ಬೆಳಗ್ಗೆ 7.05

ಪುಟ್ಟಿಯ ಅಮ್ಮನವರೇ, ನಾನು ಮಕ್ಕಳ ಹಲ್ಲಿನ ಡಾಕ್ಟರ್. ಇಲ್ಲಿ ಜಾಹೀರಾತು ಆಗಬಾರದು ಅಂತ ಹೆಸರು, ಕ್ಲಿನಿಕ್ ಎರಡೂ ಹಾಕುತ್ತಿಲ್ಲ.

ಮೊದಲು ತುರ್ತಿನ ಮಾತು. ಕೆನ್ನೆ ಊದಿದರೆ, ಜ್ವರ ಬಂದರೆ, ವಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ ಕಾಯಬೇಡಿ, ಅದೇ ದಿನ ತೋರಿಸಿ. ಊತ ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡಿದರೆ, ನುಂಗಲು ಕಷ್ಟ ಆದರೆ, ಸೀದಾ ಆಸ್ಪತ್ರೆಗೆ ಹೋಗಿ. ರಾತ್ರಿ ನೋವು ಬಂದರೆ ಮಕ್ಕಳ ಡಾಕ್ಟರ್ ತೂಕ ನೋಡಿ ಬರೆದುಕೊಟ್ಟ ಪ್ಯಾರಾಸಿಟಮಾಲ್ ಸಿರಪ್ ಕೊಡಿ. ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಡುವುದೂ ಬೇಡ, ಮಕ್ಕಳ ಎಳೆ ವಸಡು ಸುಟ್ಟುಹೋಗುತ್ತದೆ.

ಇನ್ನು ಅತ್ತೆಯವರ ಮಾತು. ಮುಂದಿನ ಹಾಲುಹಲ್ಲು 6-7 ವರ್ಷಕ್ಕೆ ಬೀಳುತ್ತವೆ, ಅದು ನಿಜ. ಆದರೆ ದವಡೆಯ ಹಾಲುಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ಅಂದರೆ ನಿಮ್ಮ ಮಗಳು ಇನ್ನೂ ಐದಾರು ವರ್ಷ ಅದರಲ್ಲೇ ಊಟ ಮಾಡಬೇಕು. ಅದರ ಕೆಳಗೆ ಮುಂದೆ ಬರುವ ಹಲ್ಲು ಬೆಳೆಯುತ್ತಾ ಕೂತಿರುತ್ತದೆ. ಮೇಲಿನದು ಕೊಳೆತು ಕೀವಾದರೆ ಕೆಳಗಿನದಕ್ಕೂ ಪೆಟ್ಟು. ಜೊತೆಗೆ 6ನೇ ವರ್ಷದ ಸುಮಾರಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಶಾಶ್ವತ ದವಡೆ ಹಲ್ಲು ಬರುತ್ತದೆ. ಮುಂದಿನ ಜಾಗ ಖಾಲಿ ಇದ್ದರೆ ಅದು ಮುಂದಕ್ಕೆ ವಾಲುತ್ತದೆ. ಆಮೇಲೆ ಬರುವ ಹಲ್ಲಿಗೆ ಜಾಗ ಇಲ್ಲದೆ ವಕ್ರ ಆಗುತ್ತದೆ. ಹಾಗಾಗಿ ಬಿಡಬೇಡಿ.

ನೋವು ನಿಂತಿರುವ ಈ ಕೆಲವು ದಿನ ಇದೆಯಲ್ಲ, ಅದನ್ನು ಉಪಯೋಗಿಸಿಕೊಳ್ಳಿ. ನೋವು ಇಲ್ಲದಾಗ ಹೋಗುವ ಭೇಟಿಯೇ ಬೇರೆ. ಮಗುವಿನ ಮೊದಲ ಹಲ್ಲು ಬಂದ ಮೇಲೆ, ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ ಅಂತ ನಾವು ಹೇಳುವುದು ಅದಕ್ಕೇ. ಆಗ ಮಾಡುವುದು ಏನೂ ಇರುವುದಿಲ್ಲ. ಅಮ್ಮನ ತೊಡೆ ಮೇಲೆ ಮಲಗಿಸಿ, ಮಗುವಿನ ತಲೆ ನಮ್ಮ ತೊಡೆ ಮೇಲೆ ಬರುವ ಹಾಗೆ ಮಂಡಿಗೆ ಮಂಡಿ ತಾಗಿಸಿ ಕೂತು, ಬಾಯಿ ನೋಡಿ ಕಳಿಸುತ್ತೇವೆ. ಆ ಮಗುವಿಗೆ ನಮ್ಮ ಕ್ಲಿನಿಕ್ ಅಂದರೆ ನೋವಿನ ಜಾಗ ಅಂತ ತಲೆಯಲ್ಲಿ ಕೂರುವುದೇ ಇಲ್ಲ. ನಮ್ಮಲ್ಲಿ ಬಹಳ ಜನ ಮೊದಲ ಸಲ ಬರುವುದೇ ರಾತ್ರಿಯೆಲ್ಲಾ ಅತ್ತ ಮಗುವನ್ನು ಎತ್ತಿಕೊಂಡು.

ನಾವು ಕಲಿತ ಒಂದು ಪದ್ಧತಿ ಇದೆ. ಹೇಳು, ತೋರಿಸು, ಆಮೇಲೆ ಮಾಡು. ಅಮೆರಿಕದ ಆಡಲ್‌ಸ್ಟನ್ ಅನ್ನುವವರು 1959ರಲ್ಲೇ ಬರೆದಿಟ್ಟಿದ್ದು. ಗಾಳಿ ಬಿಡುವ ಪಿಚಕಾರಿಯನ್ನು ಮೊದಲು ಮಗುವಿನ ಅಂಗೈಗೆ ಬಿಡುತ್ತೇವೆ. ತಿರುಗುವ ಬ್ರಷ್ಷನ್ನು ಉಗುರಿನ ಮೇಲೆ ಆಡಿಸುತ್ತೇವೆ. ಎಂಜಲು ಎಳೆಯುವ ಪೈಪನ್ನು ಒಂದು ಲೋಟ ನೀರಲ್ಲಿ ಇಟ್ಟು, ಸುರ್ರ್ ಅಂತ ನೀರು ಖಾಲಿ ಆಗುವುದನ್ನು ತೋರಿಸುತ್ತೇವೆ. ನಂತರವೇ ಬಾಯಿ. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಆಗಬಾರದು. ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ಅದಕ್ಕೇ ಮನೆಯಲ್ಲೂ "ನೋವೇ ಆಗಲ್ಲ", "ಸೂಜಿ ಹಾಕಲ್ಲ" ಅಂತ ಮಾತು ಕೊಡಬೇಡಿ. ಸೂಜಿಯ ವಿಷಯ ಯೋಚನೆಯೇ ಇಲ್ಲದ ಮಗುವಿನ ತಲೆಗೆ ನಾವೇ ಸೂಜಿ ತುಂಬುತ್ತೇವೆ. "ಅಲ್ಲಿ ಏನು ಮಾಡ್ತಾರೋ ನಂಗೂ ಪೂರ್ತಿ ಗೊತ್ತಿಲ್ಲ. ಮಾಡೋ ಮುಂಚೆ ನಿಂಗೆ ಹೇಳ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ." ಇಷ್ಟು ಸಾಕು. ಇದರಲ್ಲಿ ಸುಳ್ಳಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಹಿಂದೆ ಆಗಿದ್ದನ್ನೆಲ್ಲಾ ಮಗಳ ಎದುರಿಗಲ್ಲದೆ ಮೊದಲೇ ಹೇಳಿಬಿಡಿ. ಬೆಳಗ್ಗೆ, ತಿಂಡಿ ತಿಂದಾದ ಮೇಲಿನ ಸಮಯ ಕೇಳಿ. ಸ್ಕೂಲಿಂದ ಸುಸ್ತಾಗಿ ಬಂದ ಮಗುವನ್ನು ಸಂಜೆ ಟ್ರಾಫಿಕ್‌ನಲ್ಲಿ ಎಳೆದುಕೊಂಡು ಬಂದರೆ ಎಂಥಾ ಡಾಕ್ಟರಾದರೂ ಕಷ್ಟ.

ಮೊಮ್ಮಕ್ಕಳ ಅಜ್ಜಿ, ಮಲ್ಲೇಶ್ವರ | ಸೋಮವಾರ, ಬೆಳಗ್ಗೆ 11.30

ಮಗಳೇ, ನಿನ್ನ ಬರಹ ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ನನ್ನದೂ ಒಂದು ತಪ್ಪು ಹೇಳಿಕೊಳ್ಳುತ್ತೇನೆ.

ನನ್ನ ಮಕ್ಕಳು ಊಟಕ್ಕೆ ಹಟ ಮಾಡಿದರೆ ನಾನು ಹೇಳುತ್ತಿದ್ದುದು, "ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ ನೋಡು" ಅಂತ. ಗುಮ್ಮ ಹಳೆಯದಾದ ಮೇಲೆ ಡಾಕ್ಟರನ್ನೇ ಗುಮ್ಮ ಮಾಡಿದೆವು. ನನ್ನ ಮಗನಿಗೆ ಈಗ 43. ಇವತ್ತಿಗೂ ಹಲ್ಲು ನೋವು ಬಂದರೆ ಮೂರು ವಾರ ಮಾತ್ರೆ ನುಂಗಿಕೊಂಡು ಕೂರುತ್ತಾನೆ, ಡಾಕ್ಟರ್ ಹತ್ತಿರ ಹೋಗುವುದಿಲ್ಲ. ಅದಕ್ಕೆ ನಾನೇ ಕಾರಣ ಅಂತ ನನಗೆ ಗೊತ್ತು.

ಮೊಮ್ಮಗನ ವಿಷಯದಲ್ಲಿ ಆ ತಪ್ಪು ಆಗಲು ಬಿಡಲಿಲ್ಲ. ನನ್ನ ಹಲ್ಲು ಸೆಟ್ ಕೂರಿಸುವ ದಿನ ಅವನನ್ನೂ ಕರೆದುಕೊಂಡು ಹೋದೆ. ಆಗ ಅವನಿಗೆ ನಾಲ್ಕು ವರ್ಷ. ಡಾಕ್ಟರು ನನ್ನ ಹಲ್ಲಿನ ಮಧ್ಯೆ ಒಂದು ತೆಳ್ಳನೆ ನೀಲಿ ಕಾಗದ ಇಟ್ಟು "ಕಚ್ಚಿ ಅಮ್ಮ" ಅಂದರು. ಎಲ್ಲಿ ಎತ್ತರ ಆಗಿದೆಯೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಅಲ್ಲಿ ಉಜ್ಜಿದರು. ಮತ್ತೆ ಕಾಗದ, ಮತ್ತೆ ಕಚ್ಚು. ಮೊಮ್ಮಗ ನನ್ನ ಮೊಣಕೈ ಹತ್ತಿರ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದ. ಕೊನೆಗೆ "ನಂಗೂ ಬೇಕು" ಅಂದ. ಡಾಕ್ಟರು ಅವನನ್ನೂ ಕೂರಿಸಿ ಒಂದು ಕಾಗದ ಕಚ್ಚಿಸಿ, ಕನ್ನಡಿಯಲ್ಲಿ ಅವನ ನೀಲಿ ಹಲ್ಲು ತೋರಿಸಿದರು. ಹಾಗೇ 20 ಹಲ್ಲೂ ಎಣಿಸಿದರು. ಅವನ ಮೊದಲ ಭೇಟಿ ಮುಗಿದೇ ಹೋಯಿತು. ಮನೆಗೆ ಬರುವವರೆಗೂ ನಾಲಿಗೆ ನೀಲಿ.

ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಮನೆಮಂದಿಯೆಲ್ಲಾ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಹಲ್ಲು ಅಂದರೆ ಮಕ್ಕಳಿಗೆ ಒಂದು ಸಂಭ್ರಮ ಇತ್ತು. ಅದನ್ನು ಬಿಡಬೇಡಿ ಅನ್ನುವುದು ನನ್ನ ಆಸೆ. ನಮ್ಮದು ಈಗ ಫ್ಲಾಟ್, ಹೆಂಚಿಲ್ಲ. ಮೊಮ್ಮಗ ಚಪಾತಿ ಹಿಟ್ಟಿನ ಉಂಡೆಯಲ್ಲಿ ಹಲ್ಲು ಇಟ್ಟು ಟೆರೇಸಿನ ಲಿಫ್ಟ್ ರೂಮಿನ ಮೇಲೆ ಎಸೆದ.

ಪುಟ್ಟಿಯ ಅಮ್ಮ, ನಾಗರಬಾವಿ | ಸೋಮವಾರ, ರಾತ್ರಿ 10.10

ಡಾಕ್ಟರೇ, ಅಜ್ಜಿ, ಸರ್, ಎಲ್ಲರಿಗೂ ಕೈಮುಗಿದೆ. ಅತ್ತೆಗೆ ಡಾಕ್ಟರ್ ಬರೆದಿದ್ದನ್ನು ಓದಿ ಹೇಳಿದೆ. 10-12 ವರ್ಷದವರೆಗೆ ಇರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲವಂತೆ. ತೋರಿಸೋಣ ಅಂದಿದ್ದಾರೆ.

ಒಂದು ಪ್ರಶ್ನೆ. ಅವಳಿಗೆ ಈಗ ನನ್ನ ಮೇಲೇ ನಂಬಿಕೆ ಇಲ್ಲ. ಅದನ್ನು ಏನು ಮಾಡಲಿ?

ಶಿಶುವಿಹಾರದ ಟೀಚರ್, ಹನುಮಂತನಗರ | ಮಂಗಳವಾರ, ಸಂಜೆ 4.50

ಅವಳ ಹತ್ತಿರ ಕ್ಷಮೆ ಕೇಳಿ. ಉದ್ದ ಭಾಷಣ ಬೇಡ. "ಏನೂ ಮಾಡಲ್ಲ ಅಂತ ಹೇಳಿದ್ದೆ, ಅದು ತಪ್ಪಾಯ್ತು. ಕೈ ಹಿಡ್ಕೊಂಡಿದ್ದೂ ತಪ್ಪಾಯ್ತು. ಇನ್ನು ಹಾಗೆ ಮಾಡಲ್ಲ." ಇಷ್ಟು ಹೇಳಿ ಸುಮ್ಮನಾಗಿ. ಐದು ವರ್ಷದ ಮಕ್ಕಳಿಗೆ ಅರ್ಥ ಆಗುತ್ತದೆ. ನಾನು 19 ವರ್ಷದಿಂದ ಈ ವಯಸ್ಸಿನವರ ಜೊತೆಗೇ ಇದ್ದೇನೆ. ದೊಡ್ಡವರು ತಪ್ಪು ಒಪ್ಪಿಕೊಂಡರೆ ಅವರು ನಮ್ಮನ್ನು ಎಷ್ಟು ಬೇಗ ಕ್ಷಮಿಸುತ್ತಾರೆ ಅಂದರೆ ನಮಗೇ ಆಶ್ಚರ್ಯ ಆಗುತ್ತದೆ.

ಇನ್ನೊಂದು, ಆಟ. ನಮ್ಮ ತರಗತಿಯ ಒಂದು ಮೂಲೆಯಲ್ಲಿ ವರ್ಷಕ್ಕೊಮ್ಮೆ ಹಲ್ಲಿನ ಆಸ್ಪತ್ರೆ ಇಡುತ್ತೇವೆ. ಒಂದು ಟಾರ್ಚು, ಸಣ್ಣ ಕನ್ನಡಿ, ಐಸ್‌ಕ್ರೀಂ ಕಡ್ಡಿ, ಹಳೇ ಬ್ರಷ್, ಒಂದು ದೊಡ್ಡ ಬಾಯಿಯ ಗೊಂಬೆ. ಎಳೆ ಜೋಳದ ತೆನೆಗೆ ಪಾಲಕ್ ಚೂರು ಸಿಕ್ಕಿಸಿ ಬ್ರಷ್ ಮಾಡಿಸುತ್ತೇವೆ. ಹಲ್ಲಿನ ಸಂದಿ ಅಂದರೆ ಏನು ಅಂತ ಅದರಲ್ಲಿ ಥಟ್ ಅಂತ ಗೊತ್ತಾಗುತ್ತದೆ.

ಮಗು ಮೊದಲು ಡಾಕ್ಟರ್ ಆಗಲಿ. ರೋಗಿ ಆಗುವುದು ಆಮೇಲೆ. ಅಮ್ಮ ಬಾಯಿ ತೆರೆಯಬೇಕು, ಅವಳು ಎಣಿಸಬೇಕು. ಅವಳು ಡಾಕ್ಟರ್ ಆಗಿ ಏನು ಮಾತಾಡುತ್ತಾಳೆ ಅಂತ ಕಿವಿಗೊಟ್ಟು ಕೇಳಿ. ಒಮ್ಮೆ ನಮ್ಮಲ್ಲಿ ಒಬ್ಬ ಹುಡುಗ ಗೊಂಬೆಯ ಕೆನ್ನೆ ಹಿಡಿದು, "ಅಲುಗಾಡಿದ್ರೆ ಕಟ್ಟಿಹಾಕ್ತೀನಿ!" ಅಂದ. ಅವನ ಅಮ್ಮನಿಗೆ ಹೇಳಿದಾಗ ಅವರು ಅಲ್ಲೇ ಅತ್ತುಬಿಟ್ಟರು. ಮಗು ಬಾಯಿಬಿಟ್ಟು ಹೇಳದ್ದೆಲ್ಲಾ ಆಟದಲ್ಲಿ ಹೊರಗೆ ಬರುತ್ತದೆ. ತಡೆಯಬೇಡಿ, ತಿದ್ದಬೇಡಿ. ನಾಲ್ಕೈದು ದಿನ ಆಡಲಿ.

ಮಗನ ಜೊತೆಗಾರ, ಜೆ.ಪಿ.ನಗರ | ಮಂಗಳವಾರ, ರಾತ್ರಿ 9.30

ನನ್ನ ಮಗನಿಗೆ ಆಟಿಸಂ ಇದೆ. ವಯಸ್ಸು ಎಂಟು. ಅವನಿಗೆ ಕಷ್ಟ ಆಗುವುದು ಸದ್ದು, ಬೆಳಕು, ಬಾಯೊಳಗೆ ಬೇರೆಯವರ ಬೆರಳು. ಇಂಥ ಮಕ್ಕಳ ಅಪ್ಪ ಅಮ್ಮಂದಿರು ಇಲ್ಲಿ ಓದುತ್ತಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಕ್ಲಿನಿಕ್‌ನವರನ್ನು ಕೇಳಿ ಡ್ರಿಲ್ಲಿನ ಸದ್ದು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಯಲ್ಲಿ ಅವನು ಬ್ಲಾಕ್ಸ್ ಜೋಡಿಸುವಾಗ ತೀರಾ ಸಣ್ಣದಾಗಿ ಹಾಕುತ್ತಿದ್ದೆ. ದಿನಾ ಒಂದು ಚೂರು ಜೋರು. ಬಾಗಿಲು, ಮೆಟ್ಟಿಲು, ಕುರ್ಚಿ, ದೀಪ, ಡಾಕ್ಟರ ಮಾಸ್ಕ್, ಎಲ್ಲದರ ಫೋಟೋ ತೆಗೆದು ಒಂದರ ಹಿಂದೆ ಒಂದು ಅಂಟಿಸಿ ಪುಸ್ತಕ ಮಾಡಿದೆ. ರಾತ್ರಿ ಅದನ್ನೇ ಓದುತ್ತಿದ್ದೆವು. ಹೋಗುವಾಗ ಕಪ್ಪು ಕನ್ನಡಕ, ಕಿವಿಗೆ ಹೆಡ್‌ಫೋನ್. ದಿನದ ಮೊದಲ ಸಮಯವನ್ನೇ ಕೇಳುತ್ತೇವೆ, ಕಾಯುವ ಕೋಣೆಯ ಗಲಾಟೆ ಇರುವುದಿಲ್ಲ.

ಎಕ್ಸ್‌ರೇ ತೆಗೆಯುವಾಗ ಎದೆ ಮೇಲೆ ಒಂದು ಭಾರದ ಹೊದಿಕೆ ಹಾಕುತ್ತಾರಲ್ಲ, ಅದರ ಭಾರ ಅವನಿಗೆ ಹಿತ ಅನಿಸಿತು. ಈಗ ಬರೀ ನೋಡುವ ದಿನವೂ ಅದನ್ನು ಹೊದಿಸಿಯೇ ಕೂರಿಸುತ್ತಾರೆ. ಬಾಯಿ ತೆರೆದಿದ್ದು ಏಳನೇ ಭೇಟಿಯಲ್ಲಿ. ಏಳೂ ಸಲ ಆ ಡಾಕ್ಟರ್ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವವರು, ಕೆಂಗೇರಿ | ಬುಧವಾರ, ಬೆಳಗ್ಗೆ 8.20

ಎಲ್ಲಾ ಓದಿದೆ, ಒಳ್ಳೆಯ ಮಾತು. ಆದರೆ ಒಂದು ಕಷ್ಟ ಹೇಳಲೇಬೇಕು. ಏಳು ಸಲ, ಮೂರು ಸಲ ಹೋಗುವುದು ಎಲ್ಲರ ಕೈಯಲ್ಲಿ ಆಗುತ್ತದಾ? ನಾನು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ಮನೆಯವರು ಕ್ಯಾಬ್ ಓಡಿಸುತ್ತಾರೆ. ಒಂದು ದಿನ ರಜೆ ಅಂದರೆ ಒಂದು ದಿನದ ಸಂಬಳ. ಮಕ್ಕಳ ಡಾಕ್ಟರ್ ಕ್ಲಿನಿಕ್‌ನಲ್ಲಿ ಪ್ರತಿ ಸಲ ಫೀಸು ಬೇರೆ. ಇನ್ನೊಂದು, ನನ್ನ ಚಿಕ್ಕವನಿಗೆ ಎರಡು ವರ್ಷ ಇದ್ದಾಗ ಕೆನ್ನೆ ಊದಿಕೊಂಡಿತ್ತು. ಆಗ ಹಿಡಿದುಕೊಂಡೇ ಮಾಡಿಸಿದೆವು. ಬೇರೆ ದಾರಿ ಇರಲಿಲ್ಲ. ಹಿಡಿದುಕೊಂಡಿದ್ದೇ ತಪ್ಪು ಅಂತ ಎಲ್ಲರೂ ಹೇಳಿದರೆ ನನ್ನಂಥವರಿಗೆ ಸಂಕಟ ಆಗುತ್ತದೆ.

ಮಕ್ಕಳ ಹಲ್ಲಿನ ಡಾಕ್ಟರ್, ವಿಜಯನಗರ | ಬುಧವಾರ, ಮಧ್ಯಾಹ್ನ 2.15

ನೀವು ಕೇಳಿದ್ದು ಸರಿ. ಊದಿಕೊಂಡಿದ್ದ ಎರಡು ವರ್ಷದ ಮಗುವಿಗೆ ನೀವು ಮಾಡಿದ್ದು ತಪ್ಪಲ್ಲ. ಸೋಂಕು ಹರಡುವಾಗ ಕಾಯಲು ಆಗುವುದಿಲ್ಲ. ಅಂಥ ಹೊತ್ತಲ್ಲೂ ಡಾಕ್ಟರು ನಿಮಗೆ ಮೊದಲೇ ವಿವರಿಸಿ, ಒಪ್ಪಿಗೆ ಕೇಳಿ, ಎಷ್ಟು ಬೇಕೋ ಅಷ್ಟೇ ಹೊತ್ತು ಹಿಡಿಯಬೇಕು. ಕಾಯಬಹುದಾದ ಕೆಲಸಕ್ಕೆ, ಸಮಯ ಉಳಿಸಲು ಹಿಡಿಯುವುದು ಬೇರೆ.

ಖರ್ಚಿನ ವಿಷಯ. ಬೆಂಗಳೂರಲ್ಲಿ ನಮಗೆ ಒಂದು ಅನುಕೂಲ ಇದೆ, ಡೆಂಟಲ್ ಕಾಲೇಜುಗಳು ಜಾಸ್ತಿ. ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಕೆಂಗೇರಿಯಿಂದ ನೇರಳೆ ಲೈನ್ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳಿಗೆ ಅಂತಲೇ ಒಂದು ವಿಭಾಗ ಇರುತ್ತದೆ. ಬಿಡಿಎಸ್ ಮುಗಿಸಿ, ಮಕ್ಕಳ ಹಲ್ಲಿನಲ್ಲೇ ಮೂರು ವರ್ಷದ ಎಂಡಿಎಸ್ ಓದುತ್ತಿರುವವರು ಅಲ್ಲಿ ನೋಡುತ್ತಾರೆ, ಮೇಲೆ ಪ್ರೊಫೆಸರ್ ಇರುತ್ತಾರೆ. ಕಾಯುವುದು ಜಾಸ್ತಿ, ಖರ್ಚು ಕಡಿಮೆ. ನಾನು ಓದುವಾಗ ಗಮನಿಸಿದ್ದೇನೆ, ಅಲ್ಲಿ ಒಂದು ಮಗುವಿನ ಜೊತೆ ಅರ್ಧ ಗಂಟೆ ಕೂತು ಮಾತಾಡಲು ಸಮಯ ಸಿಗುತ್ತದೆ. ಖಾಸಗಿ ಕ್ಲಿನಿಕ್‌ನಲ್ಲಿ ಅದು ಎಲ್ಲರಿಗೂ ಆಗುವುದಿಲ್ಲ.

ಎಲ್ಲಾ ಹುಳುಕಿಗೂ ಡ್ರಿಲ್ ಬೇಕಿಲ್ಲ. ಹುಳುಕು ಒಳಗಿನ ನರಕ್ಕೆ ಮುಟ್ಟಿಲ್ಲದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಹಚ್ಚಿ ಅದನ್ನು ಅಲ್ಲಿಗೇ ತಡೆಯಬಹುದು. ಸೂಜಿ ಇಲ್ಲ, ಕೊರೆಯುವುದಿಲ್ಲ. ಆದರೆ ಹುಳುಕಾದ ಭಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ತಿಳಿದಿರಿ. ತೀರಾ ಭಯ ಇರುವ ಮಕ್ಕಳಿಗೆ ಮೂಗಿನ ಮೂಲಕ ನೈಟ್ರಸ್ ಆಕ್ಸೈಡ್ ಕೊಡುವ ವ್ಯವಸ್ಥೆ ಕೆಲವು ಕಡೆ ಇದೆ. ಮಗು ಎಚ್ಚರ ಇರುತ್ತದೆ, ಭಯ ಇಳಿದಿರುತ್ತದೆ. ಬಾಯಿ ತುಂಬಾ ಹುಳುಕಿರುವ ಪುಟ್ಟ ಮಕ್ಕಳಿಗೆ ಆಸ್ಪತ್ರೆಯಲ್ಲಿ ಪೂರ್ತಿ ಮಲಗಿಸಿ ಒಂದೇ ಸಲ ಎಲ್ಲಾ ಮುಗಿಸುವುದೂ ಉಂಟು. ಅದಕ್ಕೆ ಅರಿವಳಿಕೆ ತಜ್ಞರು ಇರಲೇಬೇಕು.

ಪುಟ್ಟಿಯದು ರಾತ್ರಿ ನೋವು ಬಂದ ಹಲ್ಲು, ಅದಕ್ಕೆ ಒಳಗಿನ ಚಿಕಿತ್ಸೆಯೇ ಬೇಕಾಗಬಹುದು. ನೋಡದೆ ಹೇಳಲಾರೆ.

ಹೆದರುವ ಅಮ್ಮ, ಬಸವೇಶ್ವರನಗರ | ಬುಧವಾರ, ರಾತ್ರಿ 9.05

ನನಗೇ ಹಲ್ಲಿನ ಡಾಕ್ಟರ್ ಅಂದರೆ ಕೈಕಾಲು ತಣ್ಣಗಾಗುತ್ತದೆ. ಮಗಳ ಜೊತೆ ಒಳಗೆ ಹೋದಾಗ ನಾನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಡಾಕ್ಟರೇ "ಮೇಡಂ, ಸ್ವಲ್ಪ ಹೊರಗಡೆ ಕೂತಿರಿ" ಅಂದರು. ಈಗ ಅವಳನ್ನು ಅಪ್ಪನೇ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಯಾರಿಗೆ ಭಯ ಕಮ್ಮಿಯೋ ಅವರು ಹೋಗಲಿ. ಅಜ್ಜ, ಚಿಕ್ಕಪ್ಪ, ಯಾರಾದರೂ ಸರಿ.

ಎರಡು ಮಕ್ಕಳ ಅಪ್ಪ, ರಾಜರಾಜೇಶ್ವರಿನಗರ | ಬುಧವಾರ, ರಾತ್ರಿ 9.40

ಹಾಗೇ "ಅಳದಿದ್ರೆ ಚಾಕಲೇಟ್ ಕೊಡಿಸ್ತೀನಿ" ಬೇಡ. ಅಳುವುದು ತಪ್ಪಲ್ಲವಲ್ಲ. ನಾವು ಮುಗಿಸಿಕೊಂಡು ಸೀದಾ ಲಾಲ್‌ಬಾಗ್‌ಗೆ ಹೋಗುತ್ತಿದ್ದೆವು. ಅತ್ತರೂ ಹೋಗುತ್ತಿದ್ದೆವು.

ಪುಟ್ಟಿಯ ಅಮ್ಮ, ನಾಗರಬಾವಿ | ಹನ್ನೆರಡು ದಿನದ ನಂತರ, ರಾತ್ರಿ 11.00

ಬರೆಯಲು ತಡವಾಯಿತು, ದಯವಿಟ್ಟು ಕ್ಷಮಿಸಿ. ಹೇಳುವುದು ತುಂಬಾ ಇದೆ.

ಟೀಚರ್ ಹೇಳಿದ ದಿನವೇ ರಾತ್ರಿ ಕ್ಷಮೆ ಕೇಳಿದೆ. ಅವಳು ಏನೂ ಮಾತಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಎಳೆದು ಅವಳ ಹೊಟ್ಟೆ ಮೇಲೆ ಇಟ್ಟುಕೊಂಡಳು.

ಮರುದಿನದಿಂದ ಆಟ. ಅತ್ತೆಯೂ ಸೇರಿಕೊಂಡರು. ಪುಟ್ಟಿ ಡಾಕ್ಟರ್, ಅಜ್ಜಿ ರೋಗಿ. ಮೊದಲ ದಿನ ಅವಳು ಅಜ್ಜಿಯ ಕಾಲನ್ನು ದುಪಟ್ಟಾದಲ್ಲಿ ಕಟ್ಟಿದಳು. ನನಗೆ ಗಂಟಲು ಕಟ್ಟಿ ಬಂತು, ಆದರೆ ತಡೆಯಲಿಲ್ಲ. ಮೂರನೇ ದಿನ ಅವಳೇ ದುಪಟ್ಟಾ ತೆಗೆದಿಟ್ಟು, "ಇವತ್ತು ಕಟ್ಟಲ್ಲ ಅಜ್ಜಿ, ನೋವಾದ್ರೆ ಹೇಳು" ಅಂದಳು.

ಆಮೇಲೆ ಮಕ್ಕಳ ಹಲ್ಲಿನ ಡಾಕ್ಟರ್ ಒಬ್ಬರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಶನಿವಾರ ಬೆಳಗ್ಗೆ ಇಡ್ಲಿ ತಿನ್ನಿಸಿ ಕರೆದುಕೊಂಡು ಹೋದೆವು. ಬಾಗಿಲಲ್ಲೇ ನಿಂತುಬಿಟ್ಟಳು. ಡಾಕ್ಟರೇ ಹೊರಗೆ ಬಂದು, ಚಪ್ಪಲಿ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ ಕೂತರು. ಮಾಸ್ಕ್ ಇರಲಿಲ್ಲ. "ನಂಗೆ ನಿನ್ನ ಬಗ್ಗೆ ಅಮ್ಮ ಹೇಳಿದ್ದಾರೆ. ಇವತ್ತು ಬರೀ ಎಣಿಸೋದು. ನೀನು ಎಡಗೈ ಎತ್ತಿದ್ರೆ ನಾನು ನಿಲ್ಲಿಸಿಬಿಡ್ತೀನಿ" ಅಂದರು.

ಕುರ್ಚಿಗೆ ನಾನು ಮೊದಲು ಒರಗಿದೆ, ಅವಳು ನನ್ನ ಮೇಲೆ ಕೂತಳು. ಡಾಕ್ಟರು ಕನ್ನಡಿ ತೋರಿಸಿ, ಅವಳ ಬೆರಳಿಗೆ ತಾಗಿಸಿ, ಬಾಯಿಗೆ ಇಟ್ಟು "ಒಂದು" ಅಂದರು. ಪುಟ್ಟಿ ಕೈ ಎತ್ತಿದಳು. ಡಾಕ್ಟರು ತಕ್ಷಣ ಕನ್ನಡಿ ತೆಗೆದು ಎರಡು ಕೈ ಮೇಲೆತ್ತಿದರು. ಮತ್ತೆ ಶುರು. "ಒಂದು, ಎರಡು." ಮತ್ತೆ ಕೈ. ಮತ್ತೆ ನಿಲ್ಲಿಸಿದರು. ಮೂರನೇ ಸಲ ಐದರವರೆಗೆ ಹೋಗಿ ಮತ್ತೆ ಎತ್ತಿದಳು. ನೋವೇನೂ ಇಲ್ಲ ಅಂತ ನನಗೆ ಗೊತ್ತಿತ್ತು. ಅವಳು ಬರೀ ಪರೀಕ್ಷೆ ಮಾಡುತ್ತಿದ್ದಳು, ಈ ಡಾಕ್ಟರ್ ಹೇಳಿದ ಮಾತು ನಿಜವಾ ಅಂತ. ಮೂರೂ ಸಲ ನಿಲ್ಲಿಸಿದರು. ಮುಖದಲ್ಲಿ ಒಂದು ಚೂರೂ ಬೇಸರ ಇಲ್ಲ. ನಾಲ್ಕನೇ ಸಲ ಅವಳ ಕೈ ನನ್ನ ಮಂಡಿ ಮೇಲೆ ಇಳಿಯಿತು. 20 ಎಣಿಸುವವರೆಗೂ ಮೇಲೇಳಲಿಲ್ಲ.

ಆ ಕೈ ಇಳಿದಾಗ ನನಗೆ ಆದ ಸಮಾಧಾನ ಬರೆದು ಹೇಳಲಾರೆ.

ಎಕ್ಸ್‌ರೇ ಕೂಡ ಆಯಿತು. ಹುಳುಕು ನರ ಮುಟ್ಟಿದೆಯಂತೆ. ಮುಂದಿನ ಶನಿವಾರ ಒಳಗೆಲ್ಲಾ ಶುಚಿ ಮಾಡಿ ಮದ್ದು ತುಂಬಿ, ಅದರ ಮುಂದಿನ ವಾರ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಸೂಜಿ ಬೇಕಾಗುತ್ತದೆ. ಅದನ್ನು ಅವಳಿಗೆ ಹೇಗೆ ಹೇಳಲಿ ಡಾಕ್ಟರೇ?

ಮಕ್ಕಳ ಹಲ್ಲಿನ ಡಾಕ್ಟರ್, ವಿಜಯನಗರ | ಮರುದಿನ, ಬೆಳಗ್ಗೆ 6.50

ಓದಿ ಮನಸ್ಸು ತುಂಬಿತು. ಒಳ್ಳೆಯ ಕೈಗೆ ಸಿಕ್ಕಿದ್ದೀರಿ.

ವಾರ ಮೊದಲೇ ಹೇಳಬೇಡಿ, ಅಷ್ಟೂ ದಿನ ಅದನ್ನೇ ಯೋಚಿಸುತ್ತಾಳೆ. ಹಿಂದಿನ ದಿನ ಸಂಜೆ ಹೇಳಿ. "ಹಲ್ಲನ್ನು ಮಲಗಿಸ್ತಾರೆ. ಮೊದಲು ವಸಡಿಗೆ ಜೆಲ್ ಹಚ್ತಾರೆ. ಆಮೇಲೆ ಒಂದು ಸಲ ಚುರ್ ಅನ್ನುತ್ತೆ. ಹತ್ತು ಎಣಿಸೋದ್ರೊಳಗೆ ಆಗುತ್ತೆ." ಕೇಳಿದರೆ ಮಾತ್ರ ಇನ್ನಷ್ಟು ಹೇಳಿ. ಸೂಜಿನಾ ಅಂತ ನೇರವಾಗಿ ಕೇಳಿದರೆ ಹೌದು ಅನ್ನಿ.

ಮುಗಿದ ಮೇಲೆ ಒಂದು ಎಚ್ಚರಿಕೆ. ತುಟಿ, ಕೆನ್ನೆ ಎರಡು ಮೂರು ಗಂಟೆ ಜೋಮು ಹಿಡಿದಿರುತ್ತದೆ. ಮಕ್ಕಳು ಅದನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ, ಮನೆಗೆ ಬಂದ ಮೇಲೆ ನೋಡಿದರೆ ತುಟಿ ಊದಿರುತ್ತದೆ. ಜೋಮು ಬಿಡುವವರೆಗೂ ಗಟ್ಟಿ ತಿಂಡಿ ಬೇಡ, ಕಣ್ಣಿಟ್ಟಿರಿ.

ಮನೆಯಲ್ಲಿ ಬ್ರಷ್ ನೀವೇ ಮಾಡಿಸಿ, ಏಳೆಂಟು ವರ್ಷದವರೆಗೂ. ಅವಳ ವಯಸ್ಸಿಗೆ ಬಟಾಣಿ ಕಾಳಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಷ್ಟು. ಮಲಗುವ ಮುಂಚಿನ ಬ್ರಷ್ ತಪ್ಪಿಸಬೇಡಿ, ಆಮೇಲೆ ಹಾಲೂ ಬೇಡ, ನೀರು ಮಾತ್ರ. ಸಂಜೆ ಹಾಲಲ್ಲಿ ಅದ್ದಿ ತಿನ್ನುವ ಬಿಸ್ಕತ್ತು ದವಡೆ ಹಲ್ಲಿನ ಗುಂಡಿಯಲ್ಲಿ ಅಂಟಿ ಕೂರುತ್ತದೆ. ಹಬ್ಬದ ದಿನ ಊಟದ ಜೊತೆ ಒಂದು ಹೋಳಿಗೆ ತಿನ್ನುವುದಕ್ಕಿಂತ, ದಿನಾ ಆಗಾಗ ಬಾಯಾಡಿಸುವುದೇ ಹಲ್ಲಿಗೆ ಜಾಸ್ತಿ ಕೆಟ್ಟದ್ದು.

ಪುಟ್ಟಿಯ ಅಮ್ಮ, ನಾಗರಬಾವಿ | ಮೂರು ವಾರದ ನಂತರ, ರಾತ್ರಿ 9.20

ಎಲ್ಲಾ ಮುಗಿಯಿತು. ಸೂಜಿಯ ದಿನ ಅತ್ತಳು. ಡಾಕ್ಟರು "ಅಳು ಪರವಾಗಿಲ್ಲ, ಬಾಯಿ ಮಾತ್ರ ದೊಡ್ಡದಾಗಿ ತೆಗೆದೇ ಅಳು" ಅಂದರು. ಹಾಗೇ ಬಾಯಿ ತೆರೆದುಕೊಂಡೇ ಅತ್ತಳು. ಯಾರೂ ಹಿಡಿಯಲಿಲ್ಲ. ನನ್ನ ಹೆಬ್ಬೆರಳು ಅವಳ ಮುಷ್ಟಿಯಲ್ಲಿತ್ತು, ಅವಳೇ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ "ನನ್ನ ತುಟಿ ದಪ್ಪ ಆಯ್ತು" ಅಂತ ಕನ್ನಡಿ ಕೇಳಿದಳು. ನೀವು ಹೇಳಿದ ಹಾಗೇ ಮಧ್ಯಾಹ್ನದವರೆಗೂ ಕಚ್ಚದ ಹಾಗೆ ನೋಡಿಕೊಂಡೆ.

ಕ್ಯಾಪ್ ಕೂತಿದೆ. ಅದಕ್ಕೆ ಅವಳಿಟ್ಟ ಹೆಸರು ಬೆಳ್ಳಿ ಹಲ್ಲು. ಆ ಹಲ್ಲು ಬೀಳುವಾಗ ಕ್ಯಾಪ್ ಕೂಡ ಜೊತೆಗೇ ಬೀಳುತ್ತದಂತೆ.

ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ಒಂದು ಸೇರು ಬೇಯಿಸಿದ ಕಡಲೆಕಾಯಿ ತೆಗೆದುಕೊಂಡು, ರಾಶಿಗಳ ಮಧ್ಯೆ ಜನರ ನೂಕಾಟದಲ್ಲಿ ನಡೆಯುತ್ತಿದ್ದೆವು. ಅವಳು ಅಪ್ಪನ ಹೆಗಲ ಮೇಲೆ ಕೂತು ಸುಲಿದು ಸುಲಿದು ತಿನ್ನುತ್ತಿದ್ದಳು. ನಾನು ಕೆಳಗಿನಿಂದ ನೋಡಿದೆ. ಬಲಗಡೆ ಅಗಿಯುತ್ತಿದ್ದಳು.

ಮಲ್ಲೇಶ್ವರದ ಅಜ್ಜಿ, ನಿಮಗೊಂದು ಪ್ರಶ್ನೆ. ಕೆಳಗಿನ ಮುಂದಿನ ಹಲ್ಲು ಅಲ್ಲಾಡಲು ಶುರುವಾಗಿದೆ. ದಿನಾ ಕೇಳುತ್ತಿದ್ದಾಳೆ. ಹಿಟ್ಟಿನ ಉಂಡೆ ಎಷ್ಟು ದೊಡ್ಡದು ಮಾಡಬೇಕು?

ಮೊಮ್ಮಕ್ಕಳ ಅಜ್ಜಿ, ಮಲ್ಲೇಶ್ವರ | ಅದೇ ದಿನ, ರಾತ್ರಿ 9.45

ನಿಂಬೆಹಣ್ಣಿನಷ್ಟು ಮಾಡಮ್ಮ. ತೀರಾ ಸಣ್ಣದಾದರೆ ಗಾಳಿಗೆ ದೂರ ಹೋಗುವುದಿಲ್ಲ. ಎಸೆಯುವುದು ಅವಳೇ ಎಸೆಯಲಿ, ಅಪ್ಪನ ಕೈಯಲ್ಲಿ ಎಸೆಸಬೇಡ.